ಮೂಳೆ ಬೆಳೆಯುತ್ತದೆ, ಗಟ್ಟಿಯಾಗುವುದಿಲ್ಲ: ರಿಕೆಟ್ಸ್‌ನಲ್ಲಿ ಆಗುವುದೇನು?

ಮೂಳೆ ಹುಟ್ಟುವಾಗಲೇ ಗಟ್ಟಿಯಾಗಿರುವುದಿಲ್ಲ. ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಮೊದಲು ಕೊಲಾಜೆನ್ ಪ್ರೋಟೀನಿನ ಮೆತ್ತನೆಯ ಹಂದರ ಹಾಕುತ್ತವೆ. ಸುಮಾರು ಹತ್ತು ದಿನ ಕಳೆದ ಮೇಲೆ ಅದರೊಳಗೆ ಕ್ಯಾಲ್ಸಿಯಂ, ರಂಜಕ ಸೇರಿ ಹರಳುಗಟ್ಟತೊಡಗುತ್ತವೆ. ಅರ್ಧಕ್ಕಿಂತ ಹೆಚ್ಚು ಖನಿಜ ಬೇಗನೆ ತುಂಬುತ್ತದೆ, ಉಳಿದದ್ದಕ್ಕೆ ತಿಂಗಳುಗಳೇ ಬೇಕು. ರಿಕೆಟ್ಸ್ ಹೆಚ್ಚಾಗಿ ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕೊರತೆಯಿಂದ ಬರುವ ಮಕ್ಕಳ ಮೂಳೆರೋಗ. ಅದು ಬಂದ ಮಗುವಿನಲ್ಲಿ ಹಂದರ ಹಾಕುವ ಕೆಲಸ ನಡೆದೇ ಇರುತ್ತದೆ, ಖನಿಜ ತುಂಬುವುದು ಮಾತ್ರ ನಿಲ್ಲುತ್ತದೆ.

ಇದು ಮೊದಲು ಗೊತ್ತಾಗುವುದು ವೇಗವಾಗಿ ಬೆಳೆಯುವ ಮಣಿಕಟ್ಟು, ಮಂಡಿ ಮತ್ತು ಪಕ್ಕೆಲುಬಿನ ತುದಿಗಳಲ್ಲಿ. ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ (ಮೆದುಮೂಳೆ, ಕಾರ್ಟಿಲೇಜ್) ತೆಳು ಪದರವೊಂದಿದೆ. ಅಲ್ಲಿನ ಕೋಶಗಳು ಸಾಲುಸಾಲಾಗಿ ಹೆಚ್ಚಿ, ಉಬ್ಬಿ, ಕೊನೆಗೆ ಸಾಯುತ್ತವೆ. ಅವು ತೆರವು ಮಾಡಿದ ಜಾಗದಲ್ಲಿ ಮೂಳೆ ಕೂರುತ್ತದೆ. ಉಬ್ಬಿದ ಕೋಶ ಸಾಯಬೇಕಾದರೆ ರಕ್ತದಲ್ಲಿ ಸಾಕಷ್ಟು ರಂಜಕವಿರಬೇಕು. ಇಲ್ಲದಿದ್ದರೆ ಅವು ಹಾಗೇ ರಾಶಿಬೀಳುತ್ತವೆ. ಮಣಿಕಟ್ಟು ದಪ್ಪವಾಗುವುದು, ಎದೆಯ ಇಬ್ಬದಿ ಸಾಲುಗಂಟು ಏಳುವುದು ಇದರಿಂದಲೇ. ಎಕ್ಸ್-ರೇಯಲ್ಲಿ ಮೂಳೆಯ ತುದಿ ಬಟ್ಟಲಿನಂತೆ ತಗ್ಗಾಗಿ, ಅಂಚು ಬಿರಿದುಕೊಂಡಿರುತ್ತದೆ.

ಕೊರತೆ ಕ್ಯಾಲ್ಸಿಯಂನದು ಅಥವಾ ವಿಟಮಿನ್ ಡಿಯದು, ರಂಜಕ ಕಡಿಮೆಯಾಗುವುದೇಕೆ? ವಿಟಮಿನ್ ಡಿ ಇಲ್ಲದಿದ್ದರೆ ಕರುಳು ಆಹಾರದ ಕ್ಯಾಲ್ಸಿಯಂನಲ್ಲಿ ಶೇ 10–15ರಷ್ಟನ್ನು ಮಾತ್ರ ಹೀರುತ್ತದೆ. ಇದ್ದರೆ ಶೇ 30–40. ರಕ್ತದ ಕ್ಯಾಲ್ಸಿಯಂ ಇಳಿಯುತ್ತಿದ್ದಂತೆ ಕತ್ತಿನ ಪುಟ್ಟ ಗ್ರಂಥಿಗಳು ಸ್ರವಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ. ಅದು ಕ್ಯಾಲ್ಸಿಯಂ ಉಳಿಸಿಕೊಂಡು ರಂಜಕವನ್ನು ಮೂತ್ರಕ್ಕೆ ತಳ್ಳುತ್ತದೆ. ಹಾಗಾಗಿ ರೋಗ ಇದ್ದರೂ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಬರಬಹುದು. ಅದೊಂದನ್ನೇ ನೋಡಿ ‘ಏನೂ ಇಲ್ಲ’ ಎಂದು ಕಳಿಸುವುದು ತಪ್ಪು. ಆಲ್ಕಲೈನ್ ಫಾಸ್ಫಟೇಸ್ (ರಿಕೆಟ್ಸ್‌ನಲ್ಲಿ ಏರುವ ಕಿಣ್ವ), ರಂಜಕ, 25-ಹೈಡ್ರಾಕ್ಸಿ ವಿಟಮಿನ್ ಡಿ (ದೇಹದಲ್ಲಿ ವಿಟಮಿನ್ ಡಿ ಎಷ್ಟಿದೆ ಎಂದು ತೋರಿಸುವ ಅಂಶ) ಮತ್ತು ಮಣಿಕಟ್ಟಿನ ಎಕ್ಸ್-ರೇ ಒಟ್ಟಿಗೆ ನೋಡಬೇಕು.

ಕಾಲು ಬಾಗಿದ ಮಕ್ಕಳೆಲ್ಲರಿಗೂ ರಿಕೆಟ್ಸ್ ಇರುವುದಿಲ್ಲ. ಎರಡು ವರ್ಷದವರೆಗೆ ಎರಡೂ ಕಾಲು ಸಮನಾಗಿ ಹೊರಬಾಗಿರುವುದು, ಮೂರು–ನಾಲ್ಕರಲ್ಲಿ ಮಂಡಿ ಒಂದಕ್ಕೊಂದು ತಾಗುವುದು ಸಹಜ. ಏಳರ ಹೊತ್ತಿಗೆ ಬಹುತೇಕ ನೇರವಾಗುತ್ತದೆ. ಒಂದೇ ಕಾಲು ಬಾಗಿದ್ದರೆ, ಎತ್ತರ ಕುಂಠಿತವಾಗಿದ್ದರೆ, ಮಣಿಕಟ್ಟು ದಪ್ಪವಿದ್ದರೆ ತಡಮಾಡಬೇಡಿ.

ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಅದಕ್ಕೇ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಲು ಹೇಳುವುದು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಬಿಸಿಲಿನ ಕಿರಣವನ್ನು ಕಿಟಕಿಯ ಗಾಜು ತಡೆಯುವುದರಿಂದ ಮುಚ್ಚಿದ ಕಿಟಕಿ ಪಕ್ಕ ಮಲಗಿಸಿದಾಗ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ. ರಿಕೆಟ್ಸ್ ಖಚಿತವಾದರೆ ಒಂದು ವರ್ಷದೊಳಗಿನವರಿಗೆ ದಿನಕ್ಕೆ 2000, ಅದಕ್ಕಿಂತ ದೊಡ್ಡ ಮಕ್ಕಳಿಗೆ 3000–6000 ಯೂನಿಟ್ ವಿಟಮಿನ್ ಡಿ, ಕನಿಷ್ಠ ಮೂರು ತಿಂಗಳು. ಜೊತೆಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಡೋಸ್ ನಿರ್ಧರಿಸುವುದು ವೈದ್ಯರ ಕೆಲಸ. ಎಡವಟ್ಟಾಗುವುದು ಬಾಟಲಿಯಲ್ಲಿ: ಒಂದು ಕಂಪನಿಯದು 1 ಮಿ.ಲೀ.ಗೆ 400, ಇನ್ನೊಂದರದು 800. ಮೆಡಿಕಲ್ ಶಾಪಿನವರು ಬದಲಿ ಕೊಟ್ಟರೆ ಲೇಬಲ್ ಓದಿ. 60,000 ಯೂನಿಟ್‌ನ ಸ್ಯಾಶೆಯನ್ನು (ಪುಡಿಯ ಪೊಟ್ಟಣ) ಲೆಕ್ಕವಿಲ್ಲದೆ ಕೊಟ್ಟರೆ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ಹಾನಿ.

ನಮ್ಮ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಹಸುವಿನ ಹಾಲಿಗಿಂತ ಹೆಚ್ಚು. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿ ಮಾಡಿದ ಹಿಟ್ಟಿನಲ್ಲಿ ಫೈಟೇಟ್ ಇಳಿಯುತ್ತದೆ, ಮಗುವಿನ ಸರಿಗೆ ಅದೇ ಲೇಸು. ವಿಟಮಿನ್ ಡಿಯ ಕೊರತೆಯನ್ನು ಮಾತ್ರ ರಾಗಿ ತುಂಬಲಾರದು.

ಚಿಕಿತ್ಸೆ ನಾಟಿದರೆ ನಾಲ್ಕು ವಾರದ ಹೊತ್ತಿಗೆ ಎಕ್ಸ್-ರೇಯಲ್ಲಿ ಮೂಳೆಯ ತುದಿಗೆ ಬಿಳಿ ಗೆರೆ ಮೂಡತೊಡಗುತ್ತದೆ. ಮೂರು ತಿಂಗಳಾದರೂ ಅದು ಕಾಣದಿದ್ದರೆ ಔಷಧಿ ತಪ್ಪದೆ ಕೊಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಕೊಟ್ಟಿದ್ದೂ ಗೆರೆಯಿಲ್ಲವೆಂದರೆ ಡೋಸ್ ಏರಿಸುತ್ತ ಹೋಗಬಾರದು. ಮೂತ್ರದಲ್ಲಿ ರಂಜಕ ಸೋರುವ ಆನುವಂಶಿಕ ಕಾಯಿಲೆ ಇದೆಯೇ, ಮೂತ್ರಪಿಂಡ, ಕರುಳು ಹೇಗಿವೆ ಎಂದು ಪರೀಕ್ಷಿಸಬೇಕು.