ಕ್ಯಾಮ್‌ಶಾಫ್ಟ್ ಕೂರಿಸಿದ ಮೇಲೆ ಎಂಜಿನ್ ತಿರುಗುತ್ತಿಲ್ಲ: ಎಲ್ಲಿ ಹಿಡಿದಿದೆ ಎಂದು ಪತ್ತೆ ಹಚ್ಚುವ ಕ್ರಮ

ಕಾರವಾರ, ಕುಮಟಾ, ಶಿರಸಿ ಕಡೆ ಮೋಟಾರ್ ವೆಹಿಕಲ್ ಟ್ರೇಡ್ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಕೆಲಸ ಮುಗಿಯಿತು, ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಕೂರಿಸಿ, ಅದನ್ನು ಹೆಡ್‌ಗೆ ಹಿಡಿದಿಡುವ ಕ್ಯಾಪ್ ಬಿಗಿದದ್ದೂ ಆಯಿತು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಶಾಫ್ಟ್) ಪುಲ್ಲಿಗೆ ಪಾನಾ ಹಾಕಿದರೆ ಮಾತ್ರ ಎಂಜಿನ್ ಅಲ್ಲಾಡುತ್ತಿಲ್ಲ. ಆಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ಕೈಗೆ ತಿಳಿಯುವ ತಡೆ ಸೆಲ್ಫ್ ಮೋಟಾರಿಗೆ ತಿಳಿಯುವುದಿಲ್ಲ. ಅದು ವಾಲ್ವ್ ಬಗ್ಗಿಸಿಯೋ ಕ್ಯಾಮ್ ಮುರಿದೋ ಮುಂದೆ ಹೋಗುತ್ತದೆ.

ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿಡಿ. ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್, ಎಲ್ಲವನ್ನೂ ಬಿಚ್ಚಿ. ಆಮೇಲೆ ಸುಮಾರು ಒಂದಡಿ ಹಿಡಿಕೆಯ ಪಾನಾದಿಂದ ನಿಧಾನವಾಗಿ ತಿರುಗಿಸಿ ನೋಡಿ. ಪ್ಲಗ್ ಬಿಚ್ಚಿದ ಸಣ್ಣ ಪೆಟ್ರೋಲ್ ಎಂಜಿನ್ ಒಂದೇ ಕೈಗೆ ತಿರುಗಬೇಕು. ತಿರುಗುವ ದಿಕ್ಕೂ ಮುಖ್ಯ. ಪುಲ್ಲಿ ಕಡೆಯಿಂದ ನೋಡಿದರೆ ಹೆಚ್ಚಿನ ಎಂಜಿನ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ; ಆದರೆ ಭಾರತದಲ್ಲಿ 2003ರವರೆಗೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿಯದು ಅದರ ವಿರುದ್ಧ ದಿಕ್ಕು.

ತಡೆ ಯಾವ ಥರದ್ದು?

ಅರ್ಧ ಪತ್ತೆ ಇಲ್ಲೇ ಮುಗಿಯುತ್ತದೆ. ಸಲೀಸಾಗಿ ತಿರುಗುತ್ತಾ ಬಂದು ಒಂದೇ ಜಾಗದಲ್ಲಿ ಟಕ್ ಎಂದು ಲೋಹದ ಸದ್ದಾಗಿ ನಿಂತರೆ, ಹಿಂದಕ್ಕೆ ತಿರುಗಿಸಿದಾಗ ಬಿಟ್ಟುಕೊಂಡರೆ, ಪಿಸ್ಟನ್ ತೆರೆದ ವಾಲ್ವ್‌ಗೆ ತಾಗುತ್ತಿದೆ, ಅಂದರೆ ಟೈಮಿಂಗ್ (ಕ್ಯಾಮ್, ಕ್ರ್ಯಾಂಕ್‌ಗಳ ಹೊಂದಾಣಿಕೆ) ತಪ್ಪಿದೆ. ಎಲ್ಲಿ ಹಿಡಿದರೂ ಒಂದೇ ಸಮ ಬಿಗಿ ಇದ್ದರೆ ಕ್ಯಾಮ್ ಬೇರಿಂಗ್ ಹಿಡಿದಿದೆ. ಕೂದಲೆಳೆಯಷ್ಟೂ ಅಲ್ಲಾಡದಿದ್ದರೆ ಮೊದಲು ಲಾಕ್ ಪಿನ್ ಹುಡುಕಿ. ಸ್ವಿಫ್ಟ್‌ನ 1.3 ಡೀಸೆಲ್‌ನಂಥ ಎಂಜಿನ್‌ಗಳಲ್ಲಿ ಟೈಮಿಂಗ್ ಇಡಲು ಕ್ಯಾಮ್‌ಗೂ ಕ್ರ್ಯಾಂಕ್‌ಗೂ ಪಿನ್ ಹಾಕುತ್ತಾರೆ. ತೆಗೆಯಲು ಮರೆಯುವುದು ಸಾಮಾನ್ಯ.

ಪ್ಲಗ್ ಬಿಚ್ಚುವ ಮೊದಲು ಹಿಡಿದಿದ್ದ ಎಂಜಿನ್ ಬಿಚ್ಚಿದ ಕೂಡಲೇ ತಿರುಗಿ, ಪ್ಲಗ್ ತೂತಿನಿಂದ ನೀರೋ ಕೂಲಂಟೋ ಚಿಮ್ಮಿದರೆ ಕ್ಯಾಮ್‌ನ ತಪ್ಪೇ ಅಲ್ಲ. ಹೆಡ್ ಎತ್ತುವಾಗ ಕೂಲಂಟ್ ಬೋರ್‌ಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಇಳಿದಿರುತ್ತದೆ, ಇಲ್ಲವೇ ಮಳೆಗಾಲದಲ್ಲಿ ಶೆಡ್ ಸೋರಿರುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೆ ಬರುವುದಿಲ್ಲ. ಪೂರ್ತಿ ಹೊರಹಾಕಿ, ಪ್ರತಿ ಬೋರ್‌ಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಡಿ. ಕರಾವಳಿಯ ಉಪ್ಪು ಗಾಳಿಯಲ್ಲಿ ತೇವವಾದ ಬೋರ್‌ಗೆ ಬೇಗ ತುಕ್ಕು ಹತ್ತುತ್ತದೆ.

ಕ್ಯಾಪ್‌ಗಳು

ನಮ್ಮ ಅಭಿಪ್ರಾಯದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇವನ್ನೇ. ಕಾರ್ಖಾನೆಯಲ್ಲಿ ಕ್ಯಾಪ್‌ಗಳನ್ನು ಹೆಡ್‌ಗೆ ಬಿಗಿದು, ಎಲ್ಲವನ್ನೂ ಒಟ್ಟಿಗೇ ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಅದಕ್ಕೇ ಪ್ರತಿ ಕ್ಯಾಪ್‌ಗೂ ಅದರದೇ ಜಾಗ, ಅದರದೇ ಮುಖ. ಎರಡನ್ನು ಅದಲು ಬದಲು ಮಾಡಿದರೂ, ಒಂದನ್ನು ತಿರುಗಿಸಿ ಇಟ್ಟರೂ, ನೋಡಲು ಸರಿಯಾಗಿಯೇ ಕೂರುತ್ತದೆ. ಬಿಗಿದಾಗ ಶಾಫ್ಟ್ ಹಿಡಿದುಕೊಳ್ಳುತ್ತದೆ. ಇನ್ನೊಂದು ಹೆಡ್‌ನಿಂದ ಕ್ಯಾಪ್ ತಂದು ಹಾಕುವಂತಿಲ್ಲ. ಕ್ಯಾಪ್ ಮೇಲೆ ಇಂಟೇಕ್, ಎಕ್ಸಾಸ್ಟ್ ಗುರುತು, ನಂಬರ್, ಬಾಣ ಇರುತ್ತವೆ. ಬಾಣ ಸಾಮಾನ್ಯವಾಗಿ ಪುಲ್ಲಿ ಕಡೆಗೆ. ಗುರುತು ಇಲ್ಲದಿದ್ದರೆ ಬಿಚ್ಚುವ ಮೊದಲೇ ಪೇಂಟ್ ಪೆನ್‌ನಿಂದ ಬರೆದುಕೊಳ್ಳಿ.

ಬಿಗಿಯುವ ರೀತಿಯೂ ಅಷ್ಟೇ ಮುಖ್ಯ. ಕ್ಯಾಮ್‌ನ ಕೆಲವು ಲೋಬ್‌ಗಳು (ಉಬ್ಬುಗಳು) ಯಾವಾಗಲೂ ವಾಲ್ವ್ ಸ್ಪ್ರಿಂಗ್ ಒತ್ತುತ್ತಿರುತ್ತವೆ, ಹಾಗಾಗಿ ಶಾಫ್ಟ್ ಒಂದು ತುದಿಯಲ್ಲಿ ಎದ್ದೇ ಇರುತ್ತದೆ. ಒಂದೇ ಕ್ಯಾಪನ್ನು ಪೂರ್ತಿ ಎಳೆದರೆ ಎರಕದ ಕ್ಯಾಮ್ ತುಂಡಾಗಬಹುದು. ನಡುವಿನಿಂದ ಹೊರಕ್ಕೆ, ಪ್ರತಿ ಬೋಲ್ಟನ್ನೂ ಅರ್ಧರ್ಧ ಸುತ್ತು ಬಿಗಿಯುತ್ತಾ, ಎಲ್ಲ ಕ್ಯಾಪ್‌ಗಳೂ ಒಟ್ಟಿಗೇ ಇಳಿಯುವಂತೆ ನೋಡಿಕೊಳ್ಳಿ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲೇ ಆಗಬೇಕು. ಸಣ್ಣ ಅಲ್ಯೂಮಿನಿಯಂ ಹೆಡ್‌ಗಳ 6 ಮಿ.ಮೀ. ಬೋಲ್ಟ್‌ಗೆ ಅದು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಎಂಜಿನ್ನಿನ ಅಂಕಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ. ಬೋಲ್ಟ್ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಕ್ಯಾಪ್ ಕೂರುವ ಮೊದಲೇ ರೆಂಚ್ ಟಿಕ್ ಎನ್ನುತ್ತದೆ, ಎರಕವೂ ಬಿರಿಯಬಹುದು. ಗಾಳಿ ಹೊಡೆದು ತೂತು ಒಣಗಿಸಿ.

ಬೈತಕೋಲ, ಅಂಕೋಲಾದಂಥ ಕಡಲ ಬದಿಯ ಗ್ಯಾರೇಜುಗಳಲ್ಲಿ ಇನ್ನೊಂದು ತೊಂದರೆ. ಬಿಚ್ಚಿದ ಹೆಡ್ ಮಳೆಗಾಲದಲ್ಲಿ ನಾಲ್ಕು ದಿನ ತೆರೆದಿದ್ದರೆ ಕ್ಯಾಪ್ ಕೂರುವ ಅಂಚಿನಲ್ಲಿ ಬಿಳಿ ಪುಡಿ, ಡೋವೆಲ್ (ಕ್ಯಾಪನ್ನು ಸರಿ ಜಾಗಕ್ಕೆ ಕೂರಿಸುವ ಪಿನ್) ಮೇಲೆ ಕೆಂಪು ತುಕ್ಕು ಕಾಣುತ್ತದೆ. ಡೋವೆಲ್‌ನ ತುಕ್ಕು ಕ್ಯಾಪನ್ನು ಓರೆ ಮಾಡಿ ನಿಲ್ಲಿಸುತ್ತದೆ, ಓರೆಯಾದ ಕ್ಯಾಪ್ ಜರ್ನಲ್‌ನ (ಕ್ಯಾಪ್‌ನೊಳಗೆ ತಿರುಗುವ ಶಾಫ್ಟ್ ಭಾಗದ) ಅಂಚನ್ನು ಕಚ್ಚುತ್ತದೆ. ಡೋವೆಲ್ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಕ್ಯಾಪ್‌ನ ಕೂರುವ ಮುಖಕ್ಕೆ ಮಾತ್ರ ಅರ ಮುಟ್ಟಿಸಬೇಡಿ. ಅಲ್ಲಿ ಸವೆಸಿದಷ್ಟೂ ಬೇರಿಂಗಿನ ಸಂದು ಕಡಿಮೆಯಾಗುತ್ತದೆ.

ಖಾತ್ರಿ ಪರೀಕ್ಷೆ ಹೀಗೆ. ಬೆಲ್ಟ್ ಅಥವಾ ಚೈನ್ ಬಿಡಿಸಿ, ಲೋಬ್‌ಗೂ ವಾಲ್ವ್‌ಗೂ ನಡುವಿರುವ ರಾಕರ್ ಅಥವಾ ಬಕೆಟ್ ತೆಗೆದಿಟ್ಟು, ಬರೀ ಕ್ಯಾಮನ್ನು ಎಣ್ಣೆ ಹಚ್ಚಿ ಕೂರಿಸಿ, ಕ್ಯಾಪ್‌ಗಳನ್ನು ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಕ್ಯಾಮ್ ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ಒಂದೊಂದೇ ಕ್ಯಾಪ್ ಸಡಿಲಿಸುತ್ತಾ ಹೋಗಿ. ಯಾವುದನ್ನು ಸಡಿಲಿಸಿದಾಗ ಬಿಟ್ಟುಕೊಂಡಿತೋ ಅಲ್ಲೇ ದೋಷ. ಎಲ್ಲ ಕ್ಯಾಪ್‌ಗಳೂ ಸರಿಯಿದ್ದು ಒಂದು ಕೋನದಲ್ಲಿ ಮಾತ್ರ ಬಿಗಿಯಾದರೆ ಶಾಫ್ಟ್ ಬಗ್ಗಿದೆ. ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿಯಿರಿ. ಸಂದು ಅಳೆಯಲು ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ, ಅಗಲದಿಂದ ಸಂದು ತಿಳಿಸುವ) ಎಳೆ ಇಟ್ಟು ಬಿಗಿದು ಬಿಚ್ಚಿ, ನಡುವೆ ಶಾಫ್ಟ್ ತಿರುಗಿಸಬೇಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಸಂದು 0.04ರಿಂದ 0.10 ಮಿ.ಮೀ. ಒಳಗಿರುತ್ತದೆ.

ರಾಕರ್, ಬಕೆಟ್ ಹಾಕಿದ ಮೇಲೆ ಕ್ಯಾಮ್ ಗಟ್ಟಿಯಾಗಿ ಏರಿ ಒಮ್ಮೆಲೇ ಮುಂದೆ ಜಿಗಿಯುವುದು ಸಹಜ. ಅದು ಸ್ಪ್ರಿಂಗಿನ ಒತ್ತಡ, ದೋಷವಲ್ಲ.

ಪಿಸ್ಟನ್ನಿಗೆ ವಾಲ್ವ್ ತಾಗದಂತೆ

ಕ್ಯಾಮ್ ಕೂರಿಸುವ ಮೊದಲು ಪಿಸ್ಟನ್‌ಗಳು ಮೇಲಿರಬಾರದು. ನಾಲ್ಕು ಸಿಲಿಂಡರಿನಲ್ಲಿ ಒಂದನೇ ಪಿಸ್ಟನ್ ತುದಿಗೆ ಬಂದಲ್ಲಿಂದ ಕ್ರ್ಯಾಂಕನ್ನು 90 ಡಿಗ್ರಿ ತಿರುಗಿಸಿದರೆ ನಾಲ್ಕೂ ಬೋರಿನ ನಡುವಿಗೆ ಬರುತ್ತವೆ. ಮಾರುತಿ 800, ಆಲ್ಟೊ ಕೆ10ರಂಥ ಮೂರು ಸಿಲಿಂಡರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದು ಪಿಸ್ಟನ್ನನ್ನು ಪೂರ್ತಿ ಕೆಳಗೆ ತನ್ನಿ. ಉಳಿದೆರಡೂ ತುದಿಯಿಂದ 60 ಡಿಗ್ರಿ ದೂರದಲ್ಲಿ, ಸುಮಾರು 20 ಮಿ.ಮೀ. ಕೆಳಗೆ ನಿಲ್ಲುತ್ತವೆ. ವಾಲ್ವ್ ಇಳಿಯುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಈಗ ಕ್ಯಾಮ್ ಬಿಗಿದು, ಅದನ್ನು ಗುರುತಿಗೆ ತಂದು, ಆಮೇಲೆ ಕ್ರ್ಯಾಂಕನ್ನು ಹತ್ತಿರದ ದಾರಿಯಿಂದ ಗುರುತಿಗೆ ತಂದು ಬೆಲ್ಟ್ ಹಾಕಿ.

ಕ್ರ್ಯಾಂಕ್ ಒಂದನ್ನೇ ತಿರುಗಿಸಿ ನೋಡಬೇಕೆಂದರೆ ಕ್ಯಾಮ್ ಬಿಚ್ಚಿಟ್ಟೇ ನೋಡಿ, ಎಲ್ಲ ವಾಲ್ವ್‌ಗಳೂ ಮುಚ್ಚಿರಲಿ. ಹೈಡ್ರಾಲಿಕ್ ಲಿಫ್ಟರ್ (ಎಣ್ಣೆಯ ಒತ್ತಡದಿಂದ ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಸಂದು ತುಂಬುವ ಭಾಗ) ಇದ್ದರೆ ಕ್ಯಾಮ್ ಬಿಗಿದ ಮೇಲೆ ಅರ್ಧ ಗಂಟೆ ಬಿಡಿ. ಎಣ್ಣೆ ತುಂಬಿ ಉಬ್ಬಿದ ಲಿಫ್ಟರ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ.

ಈಗಾಗಲೇ ಬಲ ಹಾಕಿ ತಾಗಿಸಿದ್ದರೆ ಟ್ಯಾಪೆಟ್ ಸಂದು (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಬಿಡುವು) ಅಳೆಯಿರಿ. ಬಗ್ಗಿದ ವಾಲ್ವ್ ಸೀಟಿನವರೆಗೆ ಏರುವುದಿಲ್ಲ, ಅದರ ಸಂದು ಪಕ್ಕದವಕ್ಕಿಂತ ಹೆಚ್ಚು ಬರುತ್ತದೆ. ಅಂಥದ್ದು ಕಂಡರೆ ಹೆಡ್ ಮತ್ತೆ ಇಳಿಸಲೇಬೇಕು.

ಎಲ್ಲ ಸರಿಯಾದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ಯಾಮ್ ಒಂದು ಸುತ್ತು ಬಂದು ಸ್ಪ್ರಾಕೆಟ್ ಗುರುತುಗಳು ಮತ್ತೆ ಕೂಡಬೇಕು. ಚೈನಿನ ಬಣ್ಣದ ಕೊಂಡಿಗಳು ಆಗ ಕೂಡದಿದ್ದರೆ ಗಾಬರಿ ಬೇಡ, ಅವು ಒಟ್ಟಿಗೆ ಬರಲು ಹಲವು ಸುತ್ತು ಬೇಕು. ಬ್ಯಾಟರಿ ಜೋಡಿಸಿ, ಪ್ಲಗ್ ಹಾಕುವ ಮೊದಲು, ಇಂಜೆಕ್ಟರ್ ಕನೆಕ್ಟರ್‌ಗಳನ್ನು ಬಿಚ್ಚಿಟ್ಟು, ಆಯಿಲ್ ದೀಪ ಆರುವವರೆಗೆ ಐದೈದು ಸೆಕೆಂಡ್ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ದೀಪ ಆರಿದ ಮೇಲೆ ಪ್ಲಗ್, ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ.