ಹದಿನೆಂಟು ವಾರ ಮೊದಲ ಸ್ಥಾನ, ಆದರೂ ಪಟ್ಟಿಯಲ್ಲಿ ಹೆಸರಿಲ್ಲ

ಅಮೆರಿಕದ ಗೂ ಗೂ ಡಾಲ್ಸ್ ತಂಡದ 'ಐರಿಸ್' ಹಾಡು 1998ರಲ್ಲಿ ಅಲ್ಲಿನ ರೇಡಿಯೋ ಪ್ರಸಾರದ ಪಟ್ಟಿಯಲ್ಲಿ ಒಟ್ಟು 18 ವಾರ ಮೊದಲ ಸ್ಥಾನದಲ್ಲಿತ್ತು. ಆ ವಾರಗಳುದ್ದಕ್ಕೂ ಅಮೆರಿಕದ ಅತಿ ದೊಡ್ಡ ಹಾಡಿನ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಅದರ ಸುಳಿವೇ ಇರಲಿಲ್ಲ. ಮೊದಲನೆಯದಿರಲಿ, ನೂರನೆಯ ಸ್ಥಾನವೂ ಸಿಗಲಿಲ್ಲ. ಜನ ಕೇಳಲಿಲ್ಲವೆಂದಲ್ಲ, ಹಾಡು ಬಿಡಿಯಾಗಿ ಅಂಗಡಿಗೆ ಬಂದಿರಲಿಲ್ಲ, ಅಷ್ಟೇ.

ಮುಂಬೈಯಲ್ಲಿದ್ದ ನಮಗೆ ಈ ಗೊಂದಲ ಗೊತ್ತೇ ಆಗಲಿಲ್ಲ. ಎಂಟಿವಿ, ಚಾನೆಲ್ ವಿಗಳಲ್ಲಿ ಹಾಡು ಬರುತ್ತಿತ್ತು, ನೋಡುತ್ತಿದ್ದೆವು. ಮಾಟುಂಗಾದಲ್ಲಿ ಊಟ ಮುಗಿಸಿ, ರಜೆಯಿದ್ದರೆ ಲೋಕಲ್ ಹಿಡಿದು ಕಾಲಾ ಘೋಡಾದ ರಿದಮ್ ಹೌಸ್‌ಗೆ ಹೋಗಿ ಕ್ಯಾಸೆಟ್ಟುಗಳ ಬೆನ್ನು ಓದುತ್ತ ನಿಲ್ಲುವುದು ನಮ್ಮ ಓರಗೆಯ ಕನ್ನಡದ ಹುಡುಗರಿಗೆ ಪುಕ್ಕಟೆ ಮನರಂಜನೆ. (ಆ ಅಂಗಡಿ 2016ರಲ್ಲಿ ಬಾಗಿಲು ಹಾಕಿತು.) ಅಲ್ಲಿ ಒಂದೇ ಹಾಡಿನ ಕ್ಯಾಸೆಟ್ ಕೇಳಿದರೆ ಕೌಂಟರಿನವರು ನಕ್ಕಾರು. ನಮ್ಮಲ್ಲಿ ಆಗ ಸಿನಿಮಾದ ಹಾಡು ಬೇಕೆಂದರೆ ಇಡೀ ಸಿನಿಮಾದ ಕ್ಯಾಸೆಟ್ ಕೊಳ್ಳಬೇಕು. ಎರಡು ಒಳ್ಳೆಯ ಹಾಡಿಗೆ ಆರು ಸಪ್ಪೆ ಹಾಡು ಹೊರೆ. ಬಿಡಿ ಹಾಡು ಮಾರದೆ ಇಡೀ ಆಲ್ಬಮ್ ಕೊಳ್ಳಿಸುವುದು ಅಮೆರಿಕದ ಕಂಪನಿಗಳು ತೊಂಬತ್ತರ ದಶಕದಲ್ಲಿ ಹೊಸದೆಂದು ಹೂಡಿದ ಉಪಾಯ, ನಮಗೆ ಹಳೇ ರೂಢಿ.

ಹಾಡು ಹುಟ್ಟಿದ ಕತೆಗೆ ಬರೋಣ. ಗೂ ಗೂ ಡಾಲ್ಸ್ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ತಂಡ, ಎಂಬತ್ತರ ದಶಕದ ನಡುವೆ ಕಟ್ಟಿದ್ದು. ಮೊದಲು ಪಂಕ್ ಎಂಬ ಅಬ್ಬರದ ರಾಕ್ ಬಾರಿಸುತ್ತ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಕಾಲ ಕಳೆದವರು. ಹಾಡುಗಾರ ಜಾನ್ ರೆಜ್ನಿಕ್ ಪೋಲಿಷ್ ಮೂಲದ ಕೆಲಸಗಾರರ ಮನೆಯ ಹುಡುಗ, ಹದಿಹರೆಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. 1995ರಲ್ಲಿ 'ನೇಮ್' ಎಂಬ ಮೆಲುದನಿಯ ಹಾಡು ತಂಡವನ್ನು ರಾತ್ರೋರಾತ್ರಿ ಮೇಲಕ್ಕೆತ್ತಿತು. ಆ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾದರೂ ಹಳೆಯ ಕರಾರಿನಿಂದಾಗಿ ತಮ್ಮ ಕೈಗೆ ದುಡ್ಡು ಬರಲಿಲ್ಲವೆಂದು ತಂಡ ತನ್ನದೇ ಕಂಪನಿಯ ಮೇಲೆ ಕೋರ್ಟಿಗೆ ಹೋಯಿತು. ಹೆಸರು ಬಂತು, ಕಾಸು ಬರಲಿಲ್ಲ. ಜೊತೆಗೆ ಇನ್ನೊಂದು ಹಿಟ್ ಕೊಡಲೇಬೇಕೆಂಬ ಭಾರ. ರೆಜ್ನಿಕ್‌ಗೆ ಬರವಣಿಗೆಯೇ ನಿಂತುಹೋಯಿತು. ಸಂಗೀತವನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದೆ ಎಂದು ಆತ ಮುಂದೆ ಹೇಳಿಕೊಂಡದ್ದುಂಟು.

ಆ ಹೊತ್ತಿಗೆ ಬಂದದ್ದು 'ಸಿಟಿ ಆಫ್ ಏಂಜೆಲ್ಸ್' ಚಿತ್ರದ ಕೆಲಸ. ಜರ್ಮನಿಯ ವಿಮ್ ವೆಂಡರ್ಸ್ 1987ರಲ್ಲಿ ಬರ್ಲಿನ್‌ನಲ್ಲಿ ತೆಗೆದ 'ವಿಂಗ್ಸ್ ಆಫ್ ಡಿಸೈರ್' ಚಿತ್ರವನ್ನು ಹಾಲಿವುಡ್ ಲಾಸ್ ಏಂಜಲೀಸ್‌ಗೆ ತಂದು ಮರುಮಾಡಿತ್ತು. ನಿರ್ದೇಶಕ ಬ್ರ್ಯಾಡ್ ಸಿಲ್ಬರ್ಲಿಂಗ್. ನಿಕೊಲಸ್ ಕೇಜ್ ದೇವದೂತ, ಮೆಗ್ ರಯಾನ್ ಹೃದಯದ ಸರ್ಜನ್. ಅವಳನ್ನು ಮೆಚ್ಚಿದ ದೇವದೂತ ಸಾವಿಲ್ಲದ ತನ್ನ ಬಾಳನ್ನು ಬಿಟ್ಟು ಮನುಷ್ಯನಾಗುತ್ತಾನೆ. ನಮ್ಮ ಪುರಾಣ, ಯಕ್ಷಗಾನಗಳಲ್ಲಿ ದೇವಲೋಕದವರು ಭೂಮಿಗೆ ಬರುವುದು ಸಾಮಾನ್ಯವಾಗಿ ಶಾಪ ತಗುಲಿ. ಊರ್ವಶಿಯೂ ಹಾಗೇ, ಗಂಗೆಯೂ ಹಾಗೇ. ಅವಧಿ ಮುಗಿಯುತ್ತಲೇ ಹಿಂತಿರುಗಿ ನೋಡದೆ ಹೋಗಿಬಿಡುತ್ತಾರೆ. ಇಲ್ಲಿನವನು ತಾನಾಗಿ ಬರುತ್ತಾನೆ, ಹಿಂದಿರುಗುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ.

ಬಿಡುಗಡೆಗೆ ಮೊದಲೇ ಚಿತ್ರ ನೋಡಿ ಬಂದ ರೆಜ್ನಿಕ್, ಲಾಸ್ ಏಂಜಲೀಸ್‌ನ ಹೋಟೆಲ್ ಕೋಣೆಯಲ್ಲಿ ಕೂತು ಹಾಡನ್ನು ಬೇಗನೆ ಬರೆದು ಮುಗಿಸಿದ. ತನ್ನ ಕಷ್ಟ ತೋಡಿಕೊಳ್ಳುವ ಗೋಜಿಗೆ ಹೋಗದೆ ಆ ದೇವದೂತನ ಬಾಯಲ್ಲಿ ಬರೆದ. ಒಮ್ಮೆ ಅವಳನ್ನು ಮುಟ್ಟುವುದಕ್ಕಾಗಿ ಶಾಶ್ವತವನ್ನೇ ಬಿಟ್ಟೇನು ಎಂಬಲ್ಲಿಂದ ಹಾಡು ಶುರುವಾಗುತ್ತದೆ. ಬೇರೊಬ್ಬರ ಪಾತ್ರದ ಮರೆ ಸಿಕ್ಕಿದ್ದಕ್ಕೇ ಕಟ್ಟಿದ್ದ ಕೈ ಬಿಚ್ಚಿತು ಅನ್ನುವುದು ನನ್ನ ಊಹೆ. ಸಿನಿಮಾಕ್ಕೆ ಹಾಡು ಬರೆಯುವ ನಮ್ಮ ಸಾಹಿತಿಗಳಿಗೆ ಇದು ದಿನದ ಕೆಲಸ, ರಾಕ್ ಹಾಡುಗಾರನಿಗೆ ಹೊಸದು. 'ಐರಿಸ್' ಎಂಬ ಹೆಸರು ಹಾಡಿನೊಳಗೆ ಎಲ್ಲಿಯೂ ಬರುವುದಿಲ್ಲ. ವಾರಪತ್ರಿಕೆಯೊಂದರಲ್ಲಿ ಐರಿಸ್ ಡಿಮೆಂಟ್ ಎಂಬ ಗಾಯಕಿಯ ಹೆಸರು ಕಣ್ಣಿಗೆ ಬಿತ್ತು, ಚೆನ್ನಾಗಿದೆ ಎನಿಸಿತು, ಇಟ್ಟ.

ರೆಜ್ನಿಕ್ ಗಿಟಾರಿನಲ್ಲಿ ಮಾಡಿದ್ದು ಇನ್ನೂ ವಿಚಿತ್ರ. ಗಿಟಾರಿನ ಆರು ತಂತಿಗಳಿಗೆ ರೂಢಿಯ ಆರು ಸ್ವರಗಳಿವೆ: ಇ, ಎ, ಡಿ, ಜಿ, ಬಿ, ಇ. ಈತ ಅತಿ ದಪ್ಪದ ತಂತಿಯನ್ನು ಬಿಗೆ ಇಳಿಸಿ, ಉಳಿದ ಐದನ್ನೂ ಡಿ ಸ್ವರಕ್ಕೇ ಕೂಡಿಸಿದ, ಕೆಲವು ಕೆಳಗಿನ ಡಿ, ಕೆಲವು ಮೇಲಿನದು. ಹಾಗಾಗಿ ಸಾಮಾನ್ಯ ಶ್ರುತಿಯ ಗಿಟಾರಿನಲ್ಲಿ ಇದನ್ನು ನುಡಿಸಿದರೆ ಸ್ವರಗಳು ಸರಿಯಿದ್ದರೂ ಆ ಮೊಳಗು ಬರುವುದಿಲ್ಲ.

ದೊಂಬಿವಿಲಿಯ ಕನ್ನಡದ ಹುಡುಗರ ಗುಂಪೊಂದು ವಾರ್ಷಿಕೋತ್ಸವಕ್ಕೆಂದು ಈ ಹಾಡನ್ನು ತಾಲೀಮು ಮಾಡುತ್ತಿದ್ದಾಗ ನಾನು ಅಲ್ಲಿದ್ದೆ. ಗಿಟಾರಿನ ಹುಡುಗ ಎರಡನೆಯ ತಂತಿಯನ್ನು ಬಿಯಿಂದ ಡಿಗೆ ಏರಿಸುತ್ತಿದ್ದ. ಬಿರಡೆ ತಿರುವಿದಷ್ಟೂ ತಂತಿ ಕೀರಲಾಗುತ್ತ ಹೋಗಿ ಕೊನೆಗೆ ಫಟ್ಟೆಂದು ಹರಿದು ಅವನ ಮುಂಗೈಗೆ ಬಾರಿಸಿತು. ಹೊಸ ತಂತಿ ಹಾಕಿ, ಎಲ್ಲ ಕೂಡಿಸಿ, ಒಮ್ಮೆ ಮೇಲಿಂದ ಕೆಳಕ್ಕೆ ಮೀಟಿದ. ಮೂಲೆಯಲ್ಲಿ ಕೂತು ಭಜನೆಯವರ ಸರದಿಗೆ ಕಾಯುತ್ತಿದ್ದ ಧಾರವಾಡ ಕಡೆಯ ಹಿರಿಯ ಹೆಂಗಸೊಬ್ಬರು ತಲೆ ಎತ್ತಿ, "ತಮ್ಮಾ, ತಂಬೂರಿ ಮಾಡೀದಲ್ಲೋ ಇದನ್ನ! ಎಲ್ಲಾ ಸಾ, ಕೆಳಗೊಂದು ಧಾ," ಎಂದರು. ಹುಡುಗನಿಗೆ ತಿಳಿಯಲಿಲ್ಲ. ಆದರೆ ಅವರು ಹೇಳಿದ್ದು ಸರಿ. ಡಿಯನ್ನು ಷಡ್ಜ ಎಂದುಕೊಂಡರೆ ಬಿ ಮಂದ್ರದ ಧೈವತ. ಐದು ತಂತಿ ಒಂದೇ ಸ್ವರವನ್ನು ಹಿಡಿದು ಮೊಳಗುತ್ತವೆ, ಅದರ ಮೇಲೆ ಬೆರಳು ರಾಗ ನಡೆಸುತ್ತದೆ. ಬಹುಪಾಲು ಹಾಡು ಮೂರು-ಮೂರರ ನಡೆಯಲ್ಲಿ ತೂಗಾಡುವುದರಿಂದ ನಮ್ಮ ಕಿವಿಗೆ ಇದು ಅಷ್ಟೇನೂ ಪರಕೀಯ ಅನಿಸದು.

ಧ್ವನಿಮುದ್ರಣದಲ್ಲಿ ನಿರ್ಮಾಪಕ ರಾಬ್ ಕವಾಲೊ ಇದಕ್ಕೆ ಮ್ಯಾಂಡೊಲಿನ್ ಸೇರಿಸಿದರು, ಡೇವಿಡ್ ಕ್ಯಾಂಪ್‌ಬೆಲ್ ಪಿಟೀಲು ವೃಂದ ಹೆಣೆದರು. ಪಂಕ್ ತಂಡಕ್ಕೆ ಪಿಟೀಲು ಯಾಕೆ ಎಂದು ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದ್ದರೆ ಅಚ್ಚರಿಯಿಲ್ಲ. ಸಿನಿಮಾ ಹಾಡಿನ ಕಿವಿಯುಳ್ಳ ನನಗೆ ನಡುವಿನ ಆ ಪಿಟೀಲಿನ ಏರಿಕೆ ಇಲ್ಲದೆ ಈ ಹಾಡೇ ಇಲ್ಲ.

ಚಿತ್ರ 1998ರ ಏಪ್ರಿಲ್‌ನಲ್ಲಿ ತೆರೆ ಕಂಡಿತು. ಚಿತ್ರದ ಸಂಗೀತದ ಆಲ್ಬಮ್ಮಿನಲ್ಲಿ ಯು2 ಇತ್ತು, ಅಲಾನಿಸ್ ಮೊರಿಸೆಟ್ ಇದ್ದಳು, ಸಾರಾ ಮೆಕ್‌ಲಾಕ್ಲನ್ ಇದ್ದಳು. ರೇಡಿಯೋದಲ್ಲಿ 'ಐರಿಸ್' ಕೇಳಿ ಮೆಚ್ಚಿದವನಿಗೆ ಅಂಗಡಿಯಲ್ಲಿ ಒಂದೇ ದಾರಿ: ಇಡೀ ಆಲ್ಬಮ್. ಬಿಡಿ ಹಾಡಿನ ಸಿಂಗಲ್‌ಗೆ 3-4 ಡಾಲರ್ ಆದರೆ ಆಲ್ಬಮ್ ಸಿಡಿಗೆ ಅದರ ನಾಲ್ಕೈದು ಪಟ್ಟು. ಸಿಂಗಲ್ ಬಿಟ್ಟರೆ ದೊಡ್ಡ ಗಿರಾಕಿ ಕೈತಪ್ಪುತ್ತಾನೆ ಎಂಬ ಲೆಕ್ಕಾಚಾರದಲ್ಲಿ ಕಂಪನಿಗಳು ಹಿಟ್ ಹಾಡುಗಳ ಸಿಂಗಲ್ಲುಗಳನ್ನೇ ತಡೆಹಿಡಿಯತೊಡಗಿದ್ದವು. ಲೆಕ್ಕ ತಪ್ಪಲಿಲ್ಲ. ಆಲ್ಬಮ್ ಮೊದಲ ಸ್ಥಾನಕ್ಕೇರಿತು, ಅಮೆರಿಕವೊಂದರಲ್ಲೇ 50 ಲಕ್ಷದ ಗಡಿ ಮುಟ್ಟಿತು. ಅದೇ ಹಾಡನ್ನು ಸೆಪ್ಟೆಂಬರಿನಲ್ಲಿ ತಂಡ ತನ್ನ ಸ್ವಂತ ಆಲ್ಬಮ್ಮಿಗೂ ಹಾಕಿ ಇನ್ನೊಮ್ಮೆ ಮಾರಿತು.

ಪೆಟ್ಟು ಬಿದ್ದದ್ದು ಪಟ್ಟಿಗೆ. ಹಾಟ್ 100 ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ರೇಡಿಯೋ ಪ್ರಸಾರ ಮತ್ತು ಸಿಂಗಲ್ ಮಾರಾಟ ಎರಡನ್ನೂ ಕೂಡಿಸಿ ಸ್ಥಾನ ಕೊಡುವುದು ಆಗಿನ ಕ್ರಮ. ಅಂಗಡಿಯಲ್ಲಿ ಸಿಂಗಲ್ ಇಲ್ಲದ ಹಾಡಿಗೆ ಪ್ರವೇಶವೇ ಇರಲಿಲ್ಲ. ಸಿಂಗಲ್ ಎಂಬುದು ಹಾಡಿನ ಸಹಜ ರೂಪವಾಗಿದ್ದ ಕಾಲದಲ್ಲಿ ಈ ನಿಯಮ ಯಾರಿಗೂ ಚುಚ್ಚಲಿಲ್ಲ. ತೊಂಬತ್ತರ ದಶಕದಲ್ಲಿ ಚುಚ್ಚಿತು. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋದಲ್ಲಿ 16 ವಾರ ಮೊದಲಿದ್ದೂ ಹಾಟ್ 100ಕ್ಕೆ ಬರಲೇ ಇಲ್ಲ. ನೂರರ ಪಟ್ಟಿ ಹಿಡಿದು ಕಾರಿನ ರೇಡಿಯೋ ಹಾಕಿದವನಿಗೆ ಎರಡೂ ಬೇರೆ ಬೇರೆ ದೇಶದವು ಎನಿಸುವಷ್ಟು ಅಂತರ.

ಅದೇ ವರ್ಷದ ಇನ್ನೊಂದು ಸಿನಿಮಾ ಹಾಡನ್ನು ಪಕ್ಕಕ್ಕಿಟ್ಟರೆ ವಿಷಯ ನಿಚ್ಚಳ. 'ಆರ್ಮಗೆಡಾನ್' ಚಿತ್ರಕ್ಕೆ ಡಯಾನ್ ವಾರೆನ್ ಬರೆದು ಏರೋಸ್ಮಿತ್ ತಂಡ ಹಾಡಿದ 'ಐ ಡೋಂಟ್ ವಾಂಟ್ ಟು ಮಿಸ್ ಎ ಥಿಂಗ್' ಸಿಂಗಲ್ ಆಗಿ ಅಂಗಡಿಗೆ ಬಂತು. ಸೆಪ್ಟೆಂಬರಿನಲ್ಲಿ ಹಾಟ್ 100ಕ್ಕೆ ಕಾಲಿಟ್ಟ ವಾರವೇ ಮೊದಲ ಸ್ಥಾನ, ನಾಲ್ಕು ವಾರ ಅಲ್ಲೇ. ಎಪ್ಪತ್ತರ ದಶಕದಿಂದ ಹಾಡುತ್ತಿದ್ದ ಆ ತಂಡಕ್ಕೆ ಅದೇ ಮೊದಲ ನಂಬರ್ ಒನ್. ಎರಡೂ ಪಿಟೀಲು ತುಂಬಿದ ರಾಕ್ ಪ್ರೇಮಗೀತೆಗಳು, ಎರಡೂ ಸಿನಿಮಾದವು. ಒಂದು ಕಂಪನಿ ಬಿಡಿ ಮಾರಿತು, ಇನ್ನೊಂದು ಮಾರಲಿಲ್ಲ.

ಮುಂಬೈಯವರಿಗೆ ಎಣಿಕೆಯ ಈ ಜಗಳ ಬಿನಾಕಾ ಗೀತಮಾಲಾದ ಕಾಲದಿಂದ ಪರಿಚಿತ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ, ಹಿಂದಿ ಸಿನಿಮಾ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದ ಆ ಕಾರ್ಯಕ್ರಮವನ್ನು ನಿರೂಪಕ ಅಮೀನ್ ಸಯಾನಿ ಬೊಂಬಾಯಿಯಲ್ಲೇ ಮುದ್ರಿಸಿ ಕೊಲಂಬೊಗೆ ಕಳುಹಿಸುತ್ತಿದ್ದರು. ರೆಕಾರ್ಡ್ ಅಂಗಡಿಗಳ ಮಾರಾಟದ ವರದಿಯನ್ನಷ್ಟೇ ನಂಬದೆ, ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಎಣಿಕೆಗೆ ತೆಗೆದುಕೊಂಡರು. ಗ್ರಾಮಫೋನ್ ಇಲ್ಲದವನಿಗೂ ಹಾಡು ಮೆಚ್ಚುವ ಹಕ್ಕಿದೆ ಎಂಬುದನ್ನು ಬಿಲ್‌ಬೋರ್ಡ್‌ಗಿಂತ ಬಹಳ ಮೊದಲೇ ಒಪ್ಪಿದ ಕ್ರಮ ಅದು. ಅದರಲ್ಲೂ ತಕರಾರುಗಳಿದ್ದವು, ಇರಲಿ.

ಬಿಲ್‌ಬೋರ್ಡ್ ನಿಯಮ ಬದಲಿಸಿದ್ದು 1998ರ ಡಿಸೆಂಬರ್ 5ರ ಸಂಚಿಕೆಯಿಂದ. ಇನ್ನು ಮುಂದೆ ಸಿಂಗಲ್ ಇಲ್ಲದಿದ್ದರೂ ರೇಡಿಯೋ ಬಲದಿಂದಲೇ ಹಾಡು ಪಟ್ಟಿಗೆ ಬರಬಹುದು. 'ಐರಿಸ್' ಅದೇ ವಾರ ಒಳಗೆ ಬಂದು 9ನೆಯ ಸ್ಥಾನದಲ್ಲಿ ಕೂತಿತು. ಅಷ್ಟರಲ್ಲಿ ಅದರ ಭರ ಇಳಿಮುಖವಾಗಿತ್ತು, ಮೇಲಕ್ಕೆ ಹೋಗಲಿಲ್ಲ. ನಿಯಮ ನಾಲ್ಕು ತಿಂಗಳು ಮೊದಲು ಬದಲಾಗಿದ್ದರೆ ಎಂದು ಲೆಕ್ಕ ಹಾಕುವವರು ಇಂದಿಗೂ ಇದ್ದಾರೆ.

ಹಾಡಿನ ಮುಂದಿನ ಬದುಕು ಪಟ್ಟಿಯ ಹಂಗಿಲ್ಲದೆ ನಡೆದಿದೆ. 2004ರ ಜುಲೈ 4ರಂದು ಬಫಲೋದಲ್ಲಿ ತಂಡ ಧೋ ಎಂದು ಸುರಿವ ಮಳೆಯಲ್ಲೇ ಬಯಲಿನಲ್ಲಿ ಹಾಡಿದ ವಿಡಿಯೋವನ್ನು ದೊಂಬಿವಿಲಿಯ ಹುಡುಗರೆಲ್ಲ ನೋಡಿದ್ದಾರೆ. ಮಳೆಗಾಲ ಕಂಡ ಮುಂಬೈ ಮಕ್ಕಳು, ಹಾಡಿಗಿಂತ ಆ ನೆನೆದ ವೈರುಗಳ ಬಗ್ಗೆಯೇ ಹೆಚ್ಚು ಮಾತಾಡಿದರು. ಬ್ರಿಟನ್ನಿನಲ್ಲಿ ಮೊದಲು ಹತ್ತರ ಹತ್ತಿರಕ್ಕೂ ಬಾರದಿದ್ದ ಹಾಡು, 2011ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಕೇಳಿಬಂದ ಮೇಲೆ ಡೌನ್‌ಲೋಡುಗಳ ಬಲದಿಂದ 3ನೆಯ ಸ್ಥಾನಕ್ಕೇರಿತು. ಒಂದು ಹಾಡಿಗೆ ಇಷ್ಟು ಎಂದು ಬಿಡಿ ಮಾರುವ ಪದ್ಧತಿ ಮರಳಿ ಬಂದಿತ್ತಲ್ಲ. ಅಮೆರಿಕದ ರೇಡಿಯೋ ಪಟ್ಟಿಯಲ್ಲಿ ಅದರ 18 ವಾರಗಳ ದಾಖಲೆ 2020ರವರೆಗೆ ಉಳಿಯಿತು, ಮುರಿದದ್ದು ದಿ ವೀಕೆಂಡ್ ಎಂಬ ಗಾಯಕನ 'ಬ್ಲೈಂಡಿಂಗ್ ಲೈಟ್ಸ್'. ಹಾಟ್ 100ರ ಹಳೆಯ ಪಟ್ಟಿಗಳನ್ನು ಯಾರೂ ತಿದ್ದಿಲ್ಲ. ದಾಖಲೆ ಪುಸ್ತಕದಲ್ಲಿ 'ಐರಿಸ್' ತಲುಪಿದ ಅತಿ ಮೇಲಿನ ಸ್ಥಾನ ಎಂಬಲ್ಲಿ ಈಗಲೂ 9 ಎಂದೇ ಇದೆ.