ಟೂಲ್ ಡ್ರಾಯರಿಗೆ ಯಾವ ಹಾಸು ಒಳ್ಳೆಯದು?

ಟೂಲ್ ಡ್ರಾಯರಿಗೆ ಹಾಸು ಕೊಳ್ಳುವಾಗ ಎಲ್ಲರೂ ಮೊದಲು ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗಿದೆ, ಜಾರುವುದಿಲ್ಲ, ಬಣ್ಣವೂ ಚೆನ್ನಾಗಿದೆ ಅಂದರೆ ಮುಗಿಯಿತು. ಆದರೆ ಆ ಹಾಸಿನ ಮೇಲೆ ಸ್ಪ್ಯಾನರ್, ಉಳಿ, ಕ್ಯಾಲಿಪರ್‌ಗಳು ವರ್ಷಗಟ್ಟಲೆ ಮುಚ್ಚಿದ ಜಾಗದಲ್ಲಿ ಬಿದ್ದಿರುತ್ತವೆ. ಅಷ್ಟು ಕಾಲ ಹಾಸು ನೀರನ್ನು ಹೀರುತ್ತದಾ, ಎಣ್ಣೆಗೆ ಉಬ್ಬುತ್ತದಾ, ಗಾಳಿಗೆ ಏನನ್ನು ಬಿಡುತ್ತದೆ? ನಾನಾದರೆ ಈ ಮೂರನ್ನು ನೋಡಿದ ಮೇಲೇ ಮೆತ್ತಗಿದೆಯಾ ಅಂತ ಕೇಳುತ್ತೇನೆ.

ನೀರಿನಿಂದ ಶುರು ಮಾಡೋಣ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಅದರ ಮೇಲೆ ನೀರು ಚೆಲ್ಲಬೇಕಾಗಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 60% ದಾಟಿದರೆ ಲೋಹದ ಮೈಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ನೀರಿನ ಪೊರೆ ಕೂರುತ್ತದೆ. ಅಲ್ಲಿಂದ ತುಕ್ಕಿನ ವೇಗ ಜಾಸ್ತಿಯಾಗುತ್ತದೆ. ಬೆರಳಿನ ಬೆವರಿನ ಉಪ್ಪು ಅಂಟಿದ್ದರೆ ಇನ್ನೂ ಬೇಗ.

ಈಗ ಉಣ್ಣೆಯ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ, ಅಂದರೆ ಫೆಲ್ಟ್ ನೋಡಿ. ನೋಡಲು ಬಹಳ ಚೆಂದ, ಉಪಕರಣಕ್ಕೆ ಗೀರೂ ಬೀಳುವುದಿಲ್ಲ. ಆದರೆ ಉಣ್ಣೆ ತನ್ನ ತೂಕದ ಸುಮಾರು 30% ನೀರಾವಿ ಹೀರಿಕೊಂಡರೂ ಮುಟ್ಟಿದಾಗ ಒದ್ದೆ ಅನ್ನಿಸುವುದಿಲ್ಲ. ಆ ತೇವ ಉಪಕರಣದ ಕೆಳಮೈಗೆ ತಾಗಿಕೊಂಡೇ ಇರುತ್ತದೆ. ಮೇಲ್ಭಾಗ ಫಳಫಳ, ಕೆಳಭಾಗ ಕಂದು ಚುಕ್ಕೆ! ತೇವ ಇರುವ ಊರಲ್ಲಿ ಬರಿಯ ಉಕ್ಕಿನ ಉಪಕರಣಕ್ಕೆ ಫೆಲ್ಟ್ ಬೇಡವೇ ಬೇಡ ಅನ್ನುತ್ತೇನೆ. ಸ್ಪಂಜಿನಂಥ ಪಾಲಿಯುರೆಥೇನ್ ಫೋಮ್ ಕೂಡ ಅಷ್ಟೇ. ಅದರ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಹಾಗಾಗಿ ನೀರು ಒಳಗೆ ನುಗ್ಗುತ್ತದೆ. ಸಾಲದ್ದಕ್ಕೆ ತೇವಕ್ಕೆ ಆ ಪ್ಲಾಸ್ಟಿಕ್ಕೇ ನಿಧಾನವಾಗಿ ಒಡೆದು, ಕೆಲವು ವರ್ಷಗಳಲ್ಲಿ ಅಂಟಂಟು ಪುಡಿಯಾಗುತ್ತದೆ. ಪಾಲಿಎಥಿಲೀನ್ ಫೋಮ್‌ನಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿರುವುದರಿಂದ ಈ ತೊಂದರೆ ಇಲ್ಲ.

ಎಣ್ಣೆಯ ವಿಷಯ ಬೇರೆ. ನೈಸರ್ಗಿಕ ರಬ್ಬರ್ ಇಂಗಾಲ ಮತ್ತು ಜಲಜನಕದ ಉದ್ದ ಸರಪಣಿ. ಯಂತ್ರದ ಎಣ್ಣೆಯೂ ಅದೇ ಜಾತಿಯದು. ಅದಕ್ಕೇ ಎಣ್ಣೆಯ ಅಣುಗಳು ಸುಲಭವಾಗಿ ರಬ್ಬರಿನೊಳಗೆ ಸೇರಿ ಅದನ್ನು ಉಬ್ಬಿಸಿ, ಮೆತ್ತಗೆ ಮಾಡಿಬಿಡುತ್ತವೆ. ನೈಟ್ರೈಲ್ ರಬ್ಬರಿನಲ್ಲಿ ವಿದ್ಯುದಾವೇಶ ಒಂದು ಕಡೆಗೆ ವಾಲಿದ ಗುಂಪುಗಳಿರುತ್ತವೆ, ಎಣ್ಣೆಗೆ ಅವು ಒಗ್ಗುವುದಿಲ್ಲ. ಮೆಕ್ಯಾನಿಕ್‌ಗಳ ಕೈಗವಸಿಗೂ ಇದನ್ನೇ ಬಳಸುವುದು. ಎಣ್ಣೆಗೈಯಲ್ಲಿ ಮುಟ್ಟುವ ಸ್ಪ್ಯಾನರ್, ಸಾಕೆಟ್‌ಗಳಿಗೆ ಗೆರೆಗೆರೆಯ ನೈಟ್ರೈಲ್ ಮ್ಯಾಟ್ ನನ್ನ ಮೊದಲ ಆಯ್ಕೆ. ಗೆರೆಗಳ ಸಂದಿಯಲ್ಲಿ ಗಾಳಿ ಆಡುವುದರಿಂದ ಕೆಳಮೈಯೂ ಬೇಗ ಒಣಗುತ್ತದೆ.

ಅಗ್ಗಕ್ಕೆ ಸಿಗುವ ಜಾಳಿಗೆಯಂಥ ಪಿವಿಸಿ ಹಾಸಿನಲ್ಲಿ ಇನ್ನೊಂದು ಸಮಸ್ಯೆ ಇದೆ. ಪಿವಿಸಿ ಹುಟ್ಟಾ ಗಟ್ಟಿ. ಅದನ್ನು ಬಳುಕಿಸಲು ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಅದು ಅಲ್ಲೇ ಕಟ್ಟುಬಿದ್ದು ಇರುವುದಿಲ್ಲ, ಮೆಲ್ಲಗೆ ಹೊರಗೆ ಹರಿಯುತ್ತದೆ. ಕೆಲವು ಪ್ಲಾಸ್ಟಿಕ್ ಹಿಡಿಗಳು, ಡ್ರಾಯರಿನ ಬಣ್ಣ ಅದರ ಸಂಗದಲ್ಲಿ ಮೆತ್ತಗಾಗಿ ಅಂಟಿಕೊಳ್ಳುತ್ತವೆ.

ಮೂರನೆಯದು ಆವಿ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಮುಚ್ಚಿದ ಡ್ರಾಯರಿನಲ್ಲಿ ಇದೇ ದೊಡ್ಡದು. ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್ ಬಿಡುವ ಗಂಧಕದ ಸಂಯುಕ್ತಗಳಿಂದ ತಾಮ್ರ, ಹಿತ್ತಾಳೆ, ಬೆಳ್ಳಿ ಕಪ್ಪಾಗುತ್ತವೆ. ಓಕ್‌ನಂಥ ಮರ ಅಸಿಟಿಕ್ ಆಮ್ಲ ಬಿಡುತ್ತದೆ. ಒಮ್ಮೊಮ್ಮೆ ತಪ್ಪು ಹಾಸಿನದೂ ಅಲ್ಲ. ಕೆಲವು ಹಳೆಯ ಸ್ಕ್ರೂಡ್ರೈವರ್ ಹಿಡಿಗಳು ಸೆಲ್ಯುಲೋಸ್ ಅಸಿಟೇಟ್ ಜಾತಿಯವು. ಅವು ಕೆಡುತ್ತಾ ಹೋದಂತೆ ಹುಳಿ ವಾಸನೆ ಬರುತ್ತದೆ, ಆ ಆಮ್ಲದ ಆವಿ ಪಕ್ಕದ ಉಪಕರಣಗಳನ್ನೂ ತಿನ್ನುತ್ತದೆ. ಅಂಥದ್ದನ್ನು ಬೇರೆ ಕಡೆ, ಗಾಳಿಯಾಡುವಲ್ಲಿ ಇಡಿ.

ಈ ಆವಿಯ ಕಾಟವನ್ನು ಗಂಭೀರವಾಗಿ ತೆಗೆದುಕೊಂಡವರು ವಸ್ತುಸಂಗ್ರಹಾಲಯದವರು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ಇದಕ್ಕೆ ಒಂದು ಪರೀಕ್ಷೆ ಸೂಚಿಸಿದರು. ಈಗ ರೂಢಿಯಲ್ಲಿರುವ ಕ್ರಮದಲ್ಲಿ ಬೆಳ್ಳಿ, ತಾಮ್ರ, ಸೀಸದ ಚಿಕ್ಕ ತಗಡುಗಳನ್ನು ಪರೀಕ್ಷಿಸಬೇಕಾದ ವಸ್ತುವಿನ ಜೊತೆ, ಸ್ವಲ್ಪ ನೀರಿಟ್ಟು, ಗಾಜಿನಲ್ಲಿ ಮುಚ್ಚುತ್ತಾರೆ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಬಿಡುತ್ತಾರೆ. ತಗಡು ಕೆಟ್ಟರೆ ಆ ವಸ್ತುವಿಗೆ ಷೋಕೇಸಿನಲ್ಲಿ ಜಾಗವಿಲ್ಲ.

ಇದರ ಸರಳ ರೂಪವನ್ನು ವರ್ಕ್‌ಷಾಪಿನಲ್ಲೂ ಮಾಡಬಹುದು. ಎರಡು ಗಾಜಿನ ಜಾಡಿ ತೆಗೆದುಕೊಳ್ಳಿ. ಎರಡರಲ್ಲೂ ಮರಳು ಕಾಗದದಿಂದ ಉಜ್ಜಿದ ಒಂದು ಮೊಳೆ, ಒಂದು ತುಂಡು ತಾಮ್ರದ ತಂತಿ ಇಡಿ. ಸತು ಬಳಿದ ಮೊಳೆ ಬೇಡ. ಲೋಹಕ್ಕೆ ತಾಗದಂತೆ ಒದ್ದೆ ಹತ್ತಿಯನ್ನೂ ಇಡಿ. ಒಂದು ಜಾಡಿಗೆ ಮಾತ್ರ ಹಾಸಿನ ತುಂಡು ಹಾಕಿ, ಎರಡನ್ನೂ ಬಿಗಿಯಾಗಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ನಾಲ್ಕು ವಾರ ಬಿಡಿ. ಬರಿಯ ಜಾಡಿಯಲ್ಲೂ ಮೊಳೆಗೆ ಸ್ವಲ್ಪ ತುಕ್ಕು ಬಂದೀತು, ಅದು ಸಹಜ. ಹಾಸಿನ ತುಂಡು ಇರುವ ಜಾಡಿಯಲ್ಲಿ ಅದಕ್ಕಿಂತ ಜಾಸ್ತಿ ಇದೆಯಾ, ತಂತಿ ಕಪ್ಪಾಗಿದೆಯಾ ಅಂತ ಹೋಲಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಡ್ರಾಯರಿನ ಅಳತೆ ತೆಗೆದುಕೊಂಡು ಹಾಸನ್ನು ಕತ್ತರಿಸಲು ಶುರು ಮಾಡಬಹುದು.